ಹತ್ತು ಸಾವಿರ ಪೌಂಡಿನ ವರ

ಪ್ರಣಯ ಕಾದಂಬರಿಯಷ್ಟು ಓದಿಸಿಕೊಂಡ ಪುಸ್ತಕವೂ ಅದರಷ್ಟು ಬೈಸಿಕೊಂಡ ಪುಸ್ತಕವೂ ಬೇರೊಂದಿಲ್ಲ. ಪಠ್ಯಪುಸ್ತಕದ ಮಡಿಲಲ್ಲಿ ಅಡಗಿಸಿಟ್ಟು ಅದನ್ನು ಓದಿದ ವಿದ್ಯಾರ್ಥಿಗಳನ್ನು ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನಾನು ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಹಿರಿಯರು ಅದನ್ನು ಹೊತ್ತುಗಳೆಯುವ ಚಟವೆಂದು ಹಳಿದರು. ವಿಮರ್ಶಕರಲ್ಲಿ ಕೆಲವರು ಹೆಂಗಸರು ಬರೆದದ್ದನ್ನೆಲ್ಲ ಒಟ್ಟುಗೂಡಿಸಿ ‘ಅಡುಗೆಮನೆ ಸಾಹಿತ್ಯ’ವೆಂಬ ಹೆಸರಿಟ್ಟು ಪಕ್ಕಕ್ಕೆ ಸರಿಸಿದರು. ಅಡುಗೆಮನೆಯಲ್ಲಿ ಬೆಂದದ್ದನ್ನು ಉಂಡೇ ವಿಮರ್ಶೆ ಬರೆಯಲು ಕುಳಿತವರು ಅವರೆಂಬುದು ಬೇರೆ ಮಾತು. ಅಂತಹ ಕಾದಂಬರಿಗಳೆಲ್ಲ ಶ್ರೇಷ್ಠವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಅವುಗಳಲ್ಲಿ ಒಂದು ಜಾತಿಯ ಕಾದಂಬರಿಗಳಿಗೆ ಇಂದು ಲೋಕದಲ್ಲೆಲ್ಲ ವಿಶೇಷ ಮನ್ನಣೆ ದೊರೆತಿದೆ. ಆ ಮನ್ನಣೆಯ ಗದ್ದಲದಲ್ಲಿ ಕಳೆದುಹೋದ ಒಂದು ಸಂಗತಿಯನ್ನು ಕುರಿತು ಮಾತ್ರ ಇಲ್ಲಿ ಹೇಳಬೇಕೆಂದಿದ್ದೇನೆ.

ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆ ಅಸ್ವಸ್ಥನಾಗಿ ರಾಜ್ಯಭಾರಕ್ಕೆ ಅಸಮರ್ಥನಾದಾಗ, 1811ರಿಂದ 1820ರವರೆಗೆ ಅವನ ಮಗನು ತಂದೆಯ ಪರವಾಗಿ ಆಳಿದನು. ಹೀಗೆ ಇನ್ನೊಬ್ಬರ ಪರವಾಗಿ ಆಳುವುದಕ್ಕೆ ರೀಜೆನ್ಸಿ ಎಂದು ಹೆಸರು. ನಮಗೆ ಇದು ಹೊಸತೇನಲ್ಲ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ದಿವಾನ್ ಪೂರ್ಣಯ್ಯನವರು ಹತ್ತು ವರ್ಷಗಳಿಗೂ ಮಿಗಿಲಾಗಿ ಮೈಸೂರನ್ನು ನಡೆಸಿದರಷ್ಟೆ. ಮೈಸೂರಿನಲ್ಲಿ ಅಂತಹ ಆಳ್ವಿಕೆ ಮುಗಿಯುವ ವೇಳೆಗೆ ಲಂಡನ್ನಿನಲ್ಲಿ ಅದು ಆರಂಭವಾಯಿತು. ಆ ಒಂಬತ್ತು ವರ್ಷಗಳಲ್ಲಿಯೇ ಜೇನ್ ಆಸ್ಟಿನ್ ಎಂಬ ಪಾದ್ರಿಯ ಮಗಳ ಕಾದಂಬರಿಗಳು ಬೆಳಕು ಕಂಡವು. 1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಬಂದಿತು. 1813ರಲ್ಲಿ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಬಂದಿತು. ಮೊದಲನೆಯ ಪುಸ್ತಕದ ಮೇಲೆ ಲೇಖಕಿಯ ಹೆಸರೂ ಇರಲಿಲ್ಲ. ಒಬ್ಬ ಮಹಿಳೆ ಬರೆದದ್ದು ಎಂದಷ್ಟೇ ಅಚ್ಚಾಗಿತ್ತು. 1817ರಲ್ಲಿ, ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಆಕೆಯ ತರುವಾಯ ಆ ಕಾಲವೇ ಒಂದು ಕಥಾಲೋಕವಾಯಿತು. ಜಾರ್ಜೆಟ್ ಹೇಯರ್ 1935ರಲ್ಲಿ ‘ರೀಜೆನ್ಸಿ ಬಕ್’ ಎಂಬ ಕಾದಂಬರಿಯನ್ನು ಬರೆದು ಆ ದಾರಿಯನ್ನು ತೆರೆದಳು. ಅಮೆರಿಕದ ಜೂಲಿಯಾ ಕ್ವಿನ್ 2000ದಲ್ಲಿ ‘ಬ್ರಿಜರ್ಟನ್’ ಮಾಲೆಯನ್ನು ಆರಂಭಿಸಿದಳು. 2020ರ ಕೊನೆಯಲ್ಲಿ ಅದು ನೆಟ್‌ಫ್ಲಿಕ್ಸಿನ ಧಾರಾವಾಹಿಯಾಗಿ ಮನೆಮನೆಗೆ ಬಂದಿತು. 2022ರ ಎರಡನೆಯ ಕಂತಿನ ನಾಯಕಿಯಂತೂ ಭಾರತದಿಂದ ಬಂದ ಶರ್ಮಾ ಮನೆತನದ ಹೆಣ್ಣುಮಗಳು! ನಮ್ಮ ದೇಶದ ಚಲನಚಿತ್ರಗಳೂ ಹಿಂದೆ ಬೀಳಲಿಲ್ಲ. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಕಥೆ 2000ದಲ್ಲಿ ತಮಿಳಿನ ‘ಕಂಡುಕೊಂಡೇನ್ ಕಂಡುಕೊಂಡೇನ್’ ಆಯಿತು. ಕನ್ನಡಕ್ಕಾದರೋ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಬಹು ಹಿಂದೆಯೇ ದೇಜಗೌ ಅವರ ಲೇಖನಿಯಿಂದ ‘ಹಮ್ಮು ಬಿಮ್ಮು’ ಎಂಬ ಸೊಗಸಾದ ಹೆಸರಿನಲ್ಲಿ ಬಂದಿದೆ.

ಇಂದು ವೈಟ್‌ಫೀಲ್ಡಿನ ಕಡೆಗೆ ಹೋಗುವ ಮೆಟ್ರೋ ರೈಲಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳಲ್ಲಿಯೂ ಇಂತಹ ಕಾದಂಬರಿಗಳನ್ನು ಓದುವ ತರುಣಿಯರನ್ನು ಕಾಣಬಹುದು. ಕೆಲವರ ಕೈಯಲ್ಲಿ ಇಂಗ್ಲಿಷ್ ಪುಸ್ತಕವಿದ್ದರೆ, ಹಲವರ ಕೈಯಲ್ಲಿ ಮೊಬೈಲು. ಬೆಂಗಳೂರಿನಲ್ಲಿಯೇ ಹುಟ್ಟಿದ ‘ಪ್ರತಿಲಿಪಿ’ಯಂತಹ ಜಾಲತಾಣಗಳಲ್ಲಿ ಕನ್ನಡದ ಪ್ರಣಯಕಥೆಗಳು ಕಂತುಕಂತಾಗಿ ಹರಿಯುತ್ತವೆ. ಹಿಂದೆ ‘ಸುಧಾ’, ‘ತರಂಗ’ಗಳ ಮುಂದಿನ ವಾರದ ಕಂತಿಗಾಗಿ ನಮ್ಮ ತಾಯಂದಿರು, ಅಕ್ಕಂದಿರು ಕಾದಂತೆಯೇ ಇಂದಿನವರೂ ಕಾಯುತ್ತಾರೆ. ಅಲ್ಲಿ ಡ್ಯೂಕನಿಲ್ಲ, ಅವನ ಪೀಠದಲ್ಲಿ ಕಂಪನಿಯ ಯಜಮಾನನು ಕುಳಿತಿದ್ದಾನೆ. ಕುದುರೆಗಾಡಿ ಹೋಗಿ ಕಾರು ಬಂದಿದೆ. ಮುಖ ಗಂಟಿಕ್ಕಿಕೊಂಡ ಸಿರಿವಂತನೊಬ್ಬನು ಬಡ ಹುಡುಗಿಯ ದಿಟ್ಟ ಮಾತಿಗೆ ಸೋತು ಕರಗುವ ಕಥೆ ಮಾತ್ರ ಅದೇ. ಆ ಮುಖದ ಮೂಲಪುರುಷ ‘ಪ್ರೈಡ್ ಅಂಡ್ ಪ್ರಿಜುಡಿಸ್’ನ ನಾಯಕ ಡಾರ್ಸಿ.

ಆದರೆ ಮೂಲವನ್ನು ತೆರೆದು ನೋಡಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಆಸ್ಟಿನ್‌ಳ ನಾಯಕರಲ್ಲಿ ಒಬ್ಬನೂ ಡ್ಯೂಕನಲ್ಲ. ಡಾರ್ಸಿಯು ದೊಡ್ಡ ಜಮೀನುದಾರನೇ ಹೊರತು ಬಿರುದಾಂಕಿತನಲ್ಲ. ಉಳಿದವರಲ್ಲಿ ಮೂವರು ಚರ್ಚಿನ ಪಾದ್ರಿಗಳು, ಒಬ್ಬನು ನೌಕಾಪಡೆಯ ಅಧಿಕಾರಿ. ನೃತ್ಯಕೂಟಗಳೇನೋ ಅಲ್ಲಿ ಇವೆ. ಆದರೆ ಅವುಗಳಿಗಿಂತ ಸ್ಪಷ್ಟವಾಗಿ ಕಾಣುವುದು ಹಣದ ಅಂಕಿಗಳು. ಒಬ್ಬ ವ್ಯಕ್ತಿ ಕಥೆಯೊಳಕ್ಕೆ ಕಾಲಿಟ್ಟನೆಂದರೆ ಅವನ ಮೂಗು ಹೇಗಿದೆಯೆಂದು ಆಕೆ ಹೇಳದಿದ್ದರೂ ಅವನ ವರಮಾನ ಎಷ್ಟೆಂದು ಹೇಳದೆ ಬಿಡುವುದು ಅಪರೂಪ. ಡಾರ್ಸಿಗೆ ವರ್ಷಕ್ಕೆ 10,000 ಪೌಂಡು. ನಾಯಕಿ ಎಲಿಜಬೆತ್ತಳ ತಂದೆಗೆ 2,000. ಐವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಆಸ್ತಿಯ ಕಟ್ಟಳೆಯಂತೆ ತಂದೆಯ ಕಾಲಾನಂತರ ಮನೆ, ಜಮೀನು ಎಲ್ಲವೂ ಕಾಲಿನ್ಸ್ ಎಂಬ ದೂರದ ದಾಯಾದಿಯ ಪಾಲು. ಎಲಿಜಬೆತ್ತಳಿಗೆ ಸಲ್ಲುವುದು, ಅದೂ ತಾಯಿ ತೀರಿಕೊಂಡ ಮೇಲೆ, ನೂರಕ್ಕೆ ನಾಲ್ಕರ ಬಡ್ಡಿ ತರುವ 1,000 ಪೌಂಡು. ಅಂದರೆ ವರ್ಷಕ್ಕೆ 40 ಪೌಂಡು. ಈ ಲೆಕ್ಕವನ್ನು ಅವಳ ಮುಖಕ್ಕೇ ಹೇಳಿ, ಆದ್ದರಿಂದ ತನ್ನನ್ನು ಒಪ್ಪಿಕೊಳ್ಳುವುದು ಮೇಲೆಂದು ಸೂಚಿಸುವವನು ಅದೇ ಕಾಲಿನ್ಸ್! ಅವಳು ಅವನನ್ನು ನಿರಾಕರಿಸುತ್ತಾಳೆ. ಆಮೇಲೆ ಹತ್ತು ಸಾವಿರದ ಡಾರ್ಸಿ ದರ್ಪದಿಂದ ಕೈ ಚಾಚಿದಾಗ ಅವನನ್ನೂ ನಿರಾಕರಿಸುತ್ತಾಳೆ. ಆ ನಲವತ್ತು ಪೌಂಡುಗಳ ನೆನಪಿಲ್ಲದೆ ಓದಿದರೆ ಈ ಎರಡು ನಿರಾಕರಣೆಗಳು ಕೇವಲ ಚುರುಕು ಹುಡುಗಿಯ ಮಾತಿನ ಚಕಮಕಿಯಾಗಿ ಕಾಣುತ್ತವೆ. ನೆನಪಿಟ್ಟುಕೊಂಡು ಓದಿದರೆ ಎದೆ ನಡುಗುತ್ತದೆ.

ಎಲಿಜಬೆತ್ತಳ ಗೆಳತಿ ಷಾರ್ಲಟ್ ಲ್ಯೂಕಸ್ ಅದೇ ಕಾಲಿನ್ಸನನ್ನು ಒಪ್ಪಿ ಮದುವೆಯಾಗುತ್ತಾಳೆ. ಅವಳಿಗೆ ಇಪ್ಪತ್ತೇಳು ವರ್ಷ, ರೂಪವಿಲ್ಲ, ಹಣವಿಲ್ಲ. ತನ್ನ ತಮ್ಮಂದಿರ ಮನೆಯಲ್ಲಿ ಹಂಗಿನ ಅನ್ನ ಉಣ್ಣುವುದಕ್ಕಿಂತ ಮೂರ್ಖನ ಮನೆಯ ಯಜಮಾನಿಯಾಗುವುದು ಲೇಸೆಂದು ಅವಳು ಎಣಿಸುತ್ತಾಳೆ. ಲೇಖಕಿ ಅವಳನ್ನು ಪೂರ್ತಿಯಾಗಿ ಒಪ್ಪುವುದಿಲ್ಲ, ಪೂರ್ತಿಯಾಗಿ ದೂರುವುದೂ ಇಲ್ಲ. ನನ್ನ ದೃಷ್ಟಿಯಲ್ಲಿ ಆ ಕಾದಂಬರಿಯ ಅತ್ಯಂತ ಗಂಭೀರವಾದ ಪಾತ್ರ ಷಾರ್ಲಟ್. ಆದರೆ ಅನುಕರಣೆಯ ಕಾದಂಬರಿಗಳಲ್ಲಿ ಡಾರ್ಸಿಯ ಪಡಿಯಚ್ಚುಗಳು ನೂರಾರು ಸಿಕ್ಕುತ್ತವೆ. ಷಾರ್ಲಟ್ಟಳನ್ನು ದೀಪ ಹಿಡಿದು ಹುಡುಕಬೇಕು.

ಆಸ್ಟಿನ್‌ಳಿಗೆ ಈ ಲೆಕ್ಕ ಪುಸ್ತಕದಿಂದ ಬಂದದ್ದಲ್ಲ. 1802ರ ಡಿಸೆಂಬರಿನಲ್ಲಿ ದೊಡ್ಡ ಆಸ್ತಿಗೆ ಉತ್ತರಾಧಿಕಾರಿಯಾಗಿದ್ದ ತರುಣನೊಬ್ಬನು ಆಕೆಯನ್ನು ಮದುವೆಯಾಗಲು ಕೇಳಿದನು. ಆಕೆ ಸಂಜೆ ಒಪ್ಪಿ, ಬೆಳಗಾಗುತ್ತಲೇ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಳು. 1805ರಲ್ಲಿ ತಂದೆ ತೀರಿಕೊಂಡರು. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಗಂಡುಮಕ್ಕಳ ನೆರವಿನಿಂದ ಅಲ್ಲಿ ಇಲ್ಲಿ ಕಾಲ ಕಳೆದರು. 1809ರಲ್ಲಿ ಸೋದರನೊಬ್ಬನು ಚಾಟನ್ ಗ್ರಾಮದಲ್ಲಿ ಒಂದು ಮನೆಯನ್ನು ಬಿಟ್ಟುಕೊಟ್ಟ ಮೇಲೆ ನೆಲೆ ನಿಂತರು. ಮೊದಲ ಕಾದಂಬರಿಯ ಮೊದಲ ಮುದ್ರಣದಿಂದ ಆಕೆಗೆ ದೊರೆತ ಲಾಭ 140 ಪೌಂಡು. ಎಲಿಜಬೆತ್ತಳಿಗೆ ಡಾರ್ಸಿ ಸಿಕ್ಕಿದನು. ಅವಳನ್ನು ಸೃಷ್ಟಿಸಿದವಳಿಗೆ ಸಿಕ್ಕಿದ್ದು ಲೇಖನಿಯ ಈ ಸಂಪಾದನೆ.

ಇಷ್ಟು ಸಮೃದ್ಧವಾದ ಲೆಕ್ಕದ ಪುಸ್ತಕವನ್ನು ಅನುಕರಿಸಿದವರು ಏಕೆ ಬಿಟ್ಟರು? ನೃತ್ಯಕೂಟ ಕಣ್ಣಿಗೆ ಹಬ್ಬ, ಲೆಕ್ಕ ತಲೆನೋವು. ಆ ಆಕರ್ಷಣೆ ನನಗೆ ಅರ್ಥವಾಗದೆ ಇಲ್ಲ. ವೈಟ್‌ಫೀಲ್ಡಿನ ಒಂದು ದಂತಕಥೆಯನ್ನೇ ನೋಡಿರಿ. 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಸ್ಥಾಪಿತವಾದ ಆ ಊರಿನಲ್ಲಿ ವೇವರ್ಲಿ ಎಂಬ ವಸತಿಗೃಹವಿತ್ತು. 1896ರಲ್ಲಿ ತರುಣ ಸೈನ್ಯಾಧಿಕಾರಿಯಾಗಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಆ ಗೃಹದ ಒಡೆಯನ ಮಗಳಿಗೆ ಮನಸೋತಿದ್ದನೆಂದು ಜನ ಇಂದಿಗೂ ಹೇಳುತ್ತಾರೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆದರೂ ಕಥೆ ಸಾಯುವುದಿಲ್ಲ. ವಿಚಿತ್ರವೆಂದರೆ, ಹೇಳುವವರಲ್ಲಿ ಯಾರೂ ಆ ಹುಡುಗಿ ಮುಂದೆ ಏನಾದಳು, ಹೇಗೆ ಬದುಕಿದಳು ಎಂದು ಕೇಳಿದ್ದನ್ನು ನಾನು ಕಾಣೆ. ದೊಡ್ಡವನೊಬ್ಬನು ಒಲಿದನೆಂಬಲ್ಲಿಗೆ ಅವಳ ಕಥೆ ಮುಗಿಯಿತು!

ಕನ್ನಡದಲ್ಲಿ ಆ ಪ್ರಶ್ನೆಯನ್ನು ಕೇಳಿದವರಿದ್ದಾರೆ. 1928ರಲ್ಲಿ ಜನಿಸಿ 1963ರಲ್ಲಿಯೇ ನಮ್ಮನ್ನು ಅಗಲಿದ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ನೆನೆಯಿರಿ. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದರು. ನಾಯಕಿ ಇಂದಿರೆಯಾಗಿ ಕಲ್ಪನಾ ಅಭಿನಯಿಸಿದರು. ಇಂದಿರೆ ಸಿರಿವಂತನ ಒಬ್ಬಳೇ ಮಗಳು. ಅವಳೊಡನೆ ಮದುವೆ ನಿಶ್ಚಯವಾದ ತರುಣನು ಅವಳ ತಂದೆಯ ಹಣದಿಂದಲೇ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತೆಂದು ತಿಳಿಯುತ್ತಲೇ ವರನ ಪ್ರೀತಿ ಇಳಿಯುತ್ತದೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಇಂದಿರೆ ಅವನ ಆರೈಕೆ ಮಾಡುತ್ತಾಳೆ. ಪಶ್ಚಾತ್ತಾಪದಿಂದ ಅವನು ಮತ್ತೆ ಕೇಳಿದಾಗ ಒಲ್ಲೆನೆನ್ನುತ್ತಾಳೆ. ಗಂಡು ಸಂತಾನವಿಲ್ಲದ್ದರಿಂದ ಎಲಿಜಬೆತ್ತಳಿಗೆ ಬಂದ ಕಷ್ಟ, ಗಂಡು ಸಂತಾನವಾದದ್ದರಿಂದ ಇಂದಿರೆಗೆ ಬಂದಿತು. ಎರಡು ಕಥೆಗಳಲ್ಲಿಯೂ ಪ್ರೇಮದ ಕೆಳಗೆ ಆಸ್ತಿಯ ನೆಲವಿದೆ. ಇದು ಅನುಕರಣೆಯೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳನ್ನು ಕಣ್ಣಾರೆ ಕಂಡ ಹೆಣ್ಣುಮಗಳೊಬ್ಬಳು ತಾನಾಗಿಯೇ ಅದೇ ನೆಲವನ್ನು ಮುಟ್ಟಿದಳು.

ಕಾನೂನು ಆ ನೆಲವನ್ನು ಸ್ವಲ್ಪ ಸ್ವಲ್ಪವಾಗಿ ಸಮಮಾಡುತ್ತ ಬಂದಿದೆ. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾಯಿದೆ ಮಾಡಿ, ಕೂಡುಕುಟುಂಬ ಪಾಲಾಗುವಾಗ ವಿಧವೆಯರಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಒಂದು ಪಾಲನ್ನು ಕೊಡಿಸಿತು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಇಡೀ ದೇಶವೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ನೀಡಿದವು. ರೂಢಿಯಾದರೋ ಕಾಯಿದೆಗಿಂತ ನಿಧಾನವಾಗಿ ನಡೆಯುತ್ತದೆ. ಪಾಲಿನ ಪತ್ರಕ್ಕೆ ಸಹಿಹಾಕಿ, ಅರಿಶಿನ ಕುಂಕುಮದೊಡನೆ ಒಂದು ಸೀರೆ ಪಡೆದು, ಹಕ್ಕನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಹೆಣ್ಣುಮಕ್ಕಳು ಇಂದಿಗೂ ಬಹಳ. ವರಾನ್ವೇಷಣೆಯಲ್ಲಿಯೂ ಹತ್ತು ಸಾವಿರ ಪೌಂಡಿನ ಮಾತು ನಿಂತಿಲ್ಲ. ‘ಹುಡುಗನ ಪ್ಯಾಕೇಜ್ ಎಷ್ಟು?’ ಎಂಬುದು ಅದರ ಇಂದಿನ ರೂಪ.

ಆದರೆ ಆಸ್ಟಿನ್ ಕಾಣದ ಒಂದು ಹೊಸ ಸಂಗತಿ ಬೆಂಗಳೂರಿನ ಹೊರವಲಯದಲ್ಲಿದೆ. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೊದಲಾಯಿತು. ಪೀಣ್ಯದಲ್ಲಿ ಯಂತ್ರಗಳ ಕಾರ್ಖಾನೆಗಳ ಬಳಿಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳು ಬೆಳೆದವು. ಅಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಂಗಸರು. ಎಲಿಜಬೆತ್ತಳಿಗೂ ಷಾರ್ಲಟ್ಟಳಿಗೂ ಇಲ್ಲದಿದ್ದ ತಿಂಗಳ ಸಂಬಳ ಇವರಿಗಿದೆ. ಅದರ ಬೆಲೆಯನ್ನು ಇವರು ಬಲ್ಲರು. ಕೈಬಿಟ್ಟ ಕೆಲಸದ ಭವಿಷ್ಯನಿಧಿಯಲ್ಲಿ ಮಾಲೀಕರು ತುಂಬಿದ ಭಾಗವನ್ನು 58 ವರ್ಷ ವಯಸ್ಸಾಗುವವರೆಗೆ ಪಡೆಯಲಾಗದೆಂಬ ನಿಯಮವೊಂದು 2016ರಲ್ಲಿ ಹೊರಟಿತು. ಆ ಏಪ್ರಿಲ್ ತಿಂಗಳ 18, 19ರಂದು ಸಾವಿರಾರು ಮಂದಿ ಗಾರ್ಮೆಂಟ್ ಕೆಲಸಗಾರ್ತಿಯರು ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಎರಡನೆಯ ದಿನವೇ ಕೇಂದ್ರ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ತಮ್ಮ ಗಳಿಕೆ ತಮ್ಮ ಕೈಗೆ ಸಿಕ್ಕಬೇಕೆಂದು ಬೀದಿಗಿಳಿದ ಇವರಲ್ಲಿ ಪ್ರಣಯಕಥೆಗಳ ಓದುಗರೂ ಇದ್ದಿರಲೇಬೇಕು.

ಹಿಂದೆ ನನ್ನ ತರಗತಿಯಲ್ಲಿದ್ದು ಈಗ ಪೀಣ್ಯದ ಗಾರ್ಮೆಂಟ್ ಒಂದರಲ್ಲಿ ಬಟ್ಟೆ ಪರೀಕ್ಷಿಸುವ ಕೆಲಸದಲ್ಲಿರುವ ಹೆಣ್ಣುಮಗಳೊಬ್ಬಳು ಆಗಾಗ ಮನೆಗೆ ಬರುತ್ತಾಳೆ. ಮೊಬೈಲಿನಲ್ಲಿ ಅವಳು ಓದುವ ಕಥೆಗಳ ಬಗ್ಗೆ ಕೇಳಿದಾಗ ಅವಳು ನಕ್ಕು, “ಚೆನ್ನಾಗಿರ್ತವೆ ಸಾರ್. ಆದ್ರೆ ಆ ಹುಡುಗೀಗೆ ಸಂಬಳ ಎಷ್ಟು, ರೂಮಿನ ಬಾಡಿಗೆ ಯಾರು ಕಟ್ತಾರೆ ಅಂತ ಯಾರೂ ಬರಿಯೋದೇ ಇಲ್ಲ” ಎಂದಳು. ನಾನು ಷಾರ್ಲಟ್ಟಳ ಕಥೆಯನ್ನು ಹೇಳಿ, ಅವಳಿಗೊಂದು ಗಾರ್ಮೆಂಟಿನ ಕೆಲಸವಿದ್ದಿದ್ದರೆ ಆ ಕಾಲಿನ್ಸನನ್ನು ಒಪ್ಪುತ್ತಿದ್ದಳೇ ಎಂದು ಕೇಳಿದೆ. ಅವಳು ಕೊಂಚ ಹೊತ್ತು ಯೋಚಿಸಿ, “ಸಂಬಳದ ಎ.ಟಿ.ಎಂ. ಕಾರ್ಡು ಯಾರ ಹತ್ರ ಇರುತ್ತೆ ಅನ್ನೋದರ ಮೇಲೆ ಹೋಗುತ್ತೆ ಸಾರ್” ಎಂದಳು. ಇಷ್ಟು ವರ್ಷ ಸಾಹಿತ್ಯವನ್ನು ಪಾಠ ಮಾಡಿದ ನನಗೆ ಅಂತಹ ವಿಮರ್ಶೆ ಹೊಳೆದಿರಲಿಲ್ಲ.

ದಿನವಿಡೀ ದುಡಿದು ದಣಿದವರು ಒಂದು ಗಳಿಗೆ ಕನಸು ಕಾಣಲು ಓದುತ್ತಾರೆ, ಅವರ ಮುಂದೆ ಮತ್ತೆ ಬಾಡಿಗೆಯ ಲೆಕ್ಕವನ್ನೇಕೆ ಹರಡಬೇಕು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಕರುಣೆಯಿದೆ, ಆದರೆ ಓದುಗರ ಬುದ್ಧಿಯ ಮೇಲೆ ನಂಬಿಕೆಯಿಲ್ಲ. ಇಷ್ಟೆಲ್ಲ ಲೆಕ್ಕ ಬರೆದ ಆಸ್ಟಿನ್‌ಳಷ್ಟು ನಗಿಸಿದವರು ಎಷ್ಟು ಮಂದಿ? ಕಾಲಿನ್ಸನ ಮದುವೆಯ ಪ್ರಸ್ತಾಪವನ್ನು ನಗದೆ ಓದಿ ಮುಗಿಸಿದವರನ್ನು ನಾನು ಕಂಡಿಲ್ಲ. ಲೆಕ್ಕ ತಿಳಿದವರಿಗೇ ಆ ನಗೆ ಹೆಚ್ಚು ರುಚಿಸುತ್ತದೆ. ಕಂತುಕಥೆಗಳನ್ನು ಬರೆಯುವ ನಮ್ಮ ತರುಣ ಲೇಖಕಿಯರು ಕಂಪನಿಯ ಯಜಮಾನನನ್ನು ಕೆಲವು ಕಾಲ ಅವನ ಕಾರಿನಲ್ಲಿಯೇ ಬಿಟ್ಟು, ಜಾಲಹಳ್ಳಿ ಕ್ರಾಸಿನಲ್ಲಿ ಪಾಳಿ ಮುಗಿಸಿ ಬಸ್ಸಿಗೆ ನಿಂತವಳ ಕಡೆಗೆ ತಿರುಗಿ ನೋಡಲಿ. ಅವಳಿಗೂ ಒಲವುಂಟು. ಅವಳನ್ನು ನೋಡಲು ಬರುವ ವರನ ಮನೆಯವರ ಮಾತುಗಳಲ್ಲಿ ಹತ್ತು ಕಾಲಿನ್ಸರಿಗೆ ಸಾಲುವಷ್ಟು ಹಾಸ್ಯವೂ ಉಂಟು.

ಆ ಹಳೆಯ ವಿದ್ಯಾರ್ಥಿನಿಗೆ ‘ಬೆಳ್ಳಿಮೋಡ’ವನ್ನೂ ‘ಹಮ್ಮು ಬಿಮ್ಮು’ವನ್ನೂ ಓದಲು ಕೊಟ್ಟಿದ್ದೇನೆ. ಮೊದಲನೆಯದನ್ನು ಎರಡು ಭಾನುವಾರಗಳಲ್ಲಿ ಮುಗಿಸಿದಳು. ಎರಡನೆಯದರಲ್ಲಿ ಹೆಸರುಗಳು ತೊಡಕಾಗುತ್ತವೆಂದು ದೂರಿದರೂ ಕಾಲಿನ್ಸನು ಬರುವವರೆಗೆ ಓದಿದ್ದಾಳಂತೆ. ಅವನಂಥವನೊಬ್ಬನು ತಮ್ಮ ಊರಿನಿಂದ ಕಳೆದ ತಿಂಗಳು ತನ್ನನ್ನು ನೋಡಲು ಬಂದಿದ್ದನೆಂದೂ ಹೇಳಿದಳು.