“ಯಾಕೆ ಒತ್ತಿದೆ?” ಎಂದು ಕೇಳುವ ಮುನ್ನ



ಕಲ್ಲೂರಿನ ಕಡೆಯ ತಾಯಿಯೊಬ್ಬರು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಎಲ್ಲರೂ ಹೊರಡುವವರೆಗೂ ಕಾದಿದ್ದು, ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಫೋನನ್ನು ನನ್ನ ಕೈಗಿತ್ತರು. “ಅಣ್ಣಾರ, ಇದನ್ನ ಯಾರೋ ಹ್ಯಾಕ್ ಮಾಡ್ಯಾರಂತ ಕಾಣ್ತದ. ಮನ್ಯಾಗ ಹೇಳಬ್ಯಾಡ್ರಿ” ಎಂದರು. ಒಂಬತ್ತು ದಿನಗಳ ಹಿಂದೆ ಅವರ ವಾಟ್ಸಾಪಿಗೆ ಪಿಎಂ ಕಿಸಾನ್ ಹೆಸರಿನ ಒಂದು ಫೈಲು ಬಂದಿತ್ತು. ಒತ್ತಿದರು. ಅದು ಆಧಾರ್ ಸಂಖ್ಯೆ ಕೇಳಿತು, ಎಟಿಎಂ ಕಾರ್ಡಿನ ಸಂಖ್ಯೆ ಕೇಳಿತು. ಮಗಳ ಕೈಯಲ್ಲಿ ತುಂಬಿಸಿದರು. ಗೃಹಲಕ್ಷ್ಮಿಯ ಏಳು ತಿಂಗಳ ಹಣ, ಹದಿನಾಲ್ಕು ಸಾವಿರ ರೂಪಾಯಿ, ಎರಡು ಕಂತಿನಲ್ಲಿ ಹೋಯಿತು. ಒಂಬತ್ತು ದಿನ ಆ ತಾಯಿ ಹತ್ತಿ ಬಿಡಿಸಲು ಹೋದರು, ಅಡುಗೆ ಮಾಡಿದರು, ಜಪಸರ ಹಿಡಿದರು, ಯಾರಿಗೂ ಹೇಳಲಿಲ್ಲ. ಕಳ್ಳನಿಗಿಂತ ಹೆಚ್ಚಾಗಿ ಅವರು ಹೆದರಿದ್ದು ಮನೆಯವರ ಬಾಯಿಗೆ.

ಅವರ ಹೆದರಿಕೆ ಸುಳ್ಳಾಗಲಿಲ್ಲ. ವಿಷಯ ತಿಳಿದ ಮಗ ಮೊದಲು ಆಡಿದ ಮಾತು, “ಯಾಕ ಒತ್ತಿದಿ?” ಎಂಬುದೇ.

ಈ ಪ್ರಶ್ನೆಯ ವಿರುದ್ಧವಾಗಿಯೇ ನಾನು ಇಂದು ಬರೆಯುತ್ತಿರುವುದು. ಫೋನ್ ಹ್ಯಾಕ್ ಆಗಿದೆಯೇ ಎಂಬ ಭಯ ಇಂದು ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬದಲ್ಲಿಯೂ ಇದೆ. ಆದರೆ ಆ ಭಯವನ್ನು ನಾವು ಇಡಬೇಕಾದ ಜಾಗದಲ್ಲಿ ಇಟ್ಟಿಲ್ಲ. ಫೋನು ಬಿಸಿಯಾಯಿತೆಂದು ಹೆದರುತ್ತೇವೆ. ಚೈತ್ರ ವೈಶಾಖದಲ್ಲಿ ರಾಯಚೂರಿನ ಬಿಸಿಲಿಗೆ ಬಂಡೆಗಲ್ಲೇ ಕಾಯುವಾಗ ಅಂಗಿಯ ಜೇಬಿನ ಫೋನು ತಂಪಾಗಿರಬೇಕೆಂದು ಬಯಸುವುದು ನ್ಯಾಯವೇ? ಬ್ಯಾಟರಿ ಬೇಗ ಇಳಿಯಿತೆಂದು ಹೆದರಿ ಅಂಗಡಿಗೆ ಒಯ್ದು, “ಹ್ಯಾಕ್ ತೆಗೆಸಿ” ಐನೂರು ಏಳುನೂರು ತೆತ್ತು ಬರುತ್ತೇವೆ. ಹಳೆಯ ಬ್ಯಾಟರಿ ಬೇಗ ಇಳಿಯುತ್ತದೆ, ಅಷ್ಟೇ.

ಮಾಲೀಕನಿಗೆ ತಿಳಿಯದಂತೆ, ಆತ ಏನನ್ನೂ ಒತ್ತದೆಯೇ ಫೋನಿನೊಳಗೆ ಹೊಕ್ಕುವ ತಂತ್ರಾಂಶಗಳು ಇಲ್ಲವೆಂದಲ್ಲ. ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಅಂಥದ್ದು. 2021ರ ಜುಲೈನಲ್ಲಿ ಅದರ ಸಂಭವನೀಯ ಗುರಿಗಳ ಪಟ್ಟಿ ಹೊರಬಿದ್ದಾಗ, 2019ರಲ್ಲಿ ಕರ್ನಾಟಕದ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ಸಂಖ್ಯೆಯೂ, ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಅದರಲ್ಲಿದ್ದವೆಂದು ವರದಿಯಾಯಿತು. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ, 5ರಲ್ಲಿ ಒಂದಲ್ಲ ಒಂದು ಕುತಂತ್ರಾಂಶ ಕಂಡಿತು; ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ದುಡಿದ ಯೇಸುಸಭೆಯ ಗುರು ಸ್ಟಾನ್ ಸ್ವಾಮಿಯವರ ಕಂಪ್ಯೂಟರಿಗೆ ಯಾರೋ ಹೊಕ್ಕು ಕಡತಗಳನ್ನು ತುರುಕಿದ್ದರೆಂದು ಅಮೆರಿಕದ ಆರ್ಸೆನಲ್ ಸಂಸ್ಥೆ 2022ರ ಡಿಸೆಂಬರಿನಲ್ಲಿ ಹೇಳಿತು. ಅಷ್ಟರಲ್ಲಿ ಅವರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಇವು ಅಧಿಕಾರವುಳ್ಳವರು ಉತ್ತರಿಸಬೇಕಾದ ಪ್ರಶ್ನೆಗಳು. ನಾವು ಕೇಳುತ್ತಲೇ ಇರಬೇಕು. ಆದರೆ ಕೋಟಿಗಟ್ಟಲೆ ಬೆಲೆಯ ಆ ಆಯುಧವನ್ನು ಕಲ್ಲೂರಿನ ತಾಯಿಯ ಹದಿನಾಲ್ಕು ಸಾವಿರಕ್ಕಾಗಿ ಯಾರೂ ಹೂಡುವುದಿಲ್ಲ. ಅವರಿಗೆ ಒಂದು ಎಪಿಕೆ ಫೈಲು ಸಾಕು. ಪಿಎಂ ಕಿಸಾನ್, ವಾಹನದ ದಂಡದ ಚಲನ್, ಮದುವೆಯ ಆಮಂತ್ರಣ, ಹೀಗೆ ಅದರ ವೇಷಗಳು ಹಲವು. ಒಳಹೊಕ್ಕ ಮೇಲೆ ಅದು ಎಸ್‌ಎಂಎಸ್‌ಗಳನ್ನು ಓದಿ, ಬ್ಯಾಂಕಿನ ಒಟಿಪಿಯನ್ನು ಕಳ್ಳನಿಗೆ ರವಾನಿಸುತ್ತದೆ.

ಹಾಗಾದರೆ ಒತ್ತಿದ್ದು ಅವರ ತಪ್ಪಲ್ಲವೇ ಎಂದು ನೀವು ಕೇಳಬಹುದು. ನಾನು ಮರಳಿ ಕೇಳುತ್ತೇನೆ: ಪಿಂಚಣಿಯನ್ನೂ ಪಡಿತರವನ್ನೂ ಬೆಳೆವಿಮೆಯನ್ನೂ ಫೋನಿಗೆ ಕಟ್ಟಿಹಾಕಿ, “ಸಂದೇಶ ಬಂದ ಕೂಡಲೇ ಕೆವೈಸಿ ಮಾಡಿಸು, ಇಲ್ಲವಾದರೆ ಹಣ ನಿಲ್ಲುತ್ತದೆ” ಎಂದು ಆಕೆಗೆ ಕಲಿಸಿದವರು ಯಾರು? ನಿಜವಾದ ಸಂದೇಶಕ್ಕೂ ಸುಳ್ಳು ಸಂದೇಶಕ್ಕೂ ಒಂದೇ ಅವಸರದ ಭಾಷೆ ಇರುವಾಗ, ನಾಲ್ಕನೆಯ ತರಗತಿ ಓದಿದ ಹೆಣ್ಣುಮಗಳು ಅವನ್ನು ಹೇಗೆ ಬೇರ್ಪಡಿಸಬೇಕು? ಏನನ್ನೂ ಒತ್ತದವರೂ ಹಣ ಕಳೆದುಕೊಂಡಿದ್ದಾರೆ. 2023ರಲ್ಲಿ ನಮ್ಮದೇ ರಾಜ್ಯದಲ್ಲಿ, ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆದ ಪ್ರಕರಣಗಳು ನಡೆದವು. ಆ ಗುರುತುಗಳನ್ನು ಮರೆಮಾಡಬೇಕೆಂದು ಸರ್ಕಾರಕ್ಕೆ ತೋಚಿದ್ದು ಆಮೇಲೆ. ಅಲ್ಲಿ ಫೋನೂ ಇಲ್ಲ, ಒಟಿಪಿಯೂ ಇಲ್ಲ. ಅವರಿಗೆ “ಯಾಕೆ ಹೆಬ್ಬೆಟ್ಟು ಒತ್ತಿದಿರಿ?” ಎಂದು ಕೇಳೋಣವೇ?

ಜೆರಿಕೋದ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದಿದ್ದವನನ್ನು ಸಮಾರಿಯದವನು ಎತ್ತಿಕೊಂಡಾಗ, ಒಬ್ಬನೇ ಏಕೆ ಬಂದೆ ಎಂದು ವಿಚಾರಣೆ ಮಾಡಲಿಲ್ಲ. ಮೊದಲು ಗಾಯ ಕಟ್ಟಿದನು. ಈ ಸಾಮತಿಯನ್ನು ವರ್ಷವರ್ಷವೂ ಕೇಳುವ ನಾವು ಮನೆಯಲ್ಲಿ ಮಾಡುವುದು ವಿಚಾರಣೆಯನ್ನೇ.

ಅದರಿಂದ ಆಗುವ ಹಾನಿ ಬರಿಯ ಮನನೋವಲ್ಲ. ಕದ್ದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಮತ್ತೂ ಒಂದಕ್ಕೆ ಹರಿಯುತ್ತದೆ. 1930ಕ್ಕೆ ಕೂಡಲೇ ಕರೆ ಮಾಡಿದರೆ ದಾರಿಯಲ್ಲಿಯೇ ಅದನ್ನು ತಡೆಹಿಡಿಯುವ ಅವಕಾಶವಿದೆ. ಗಂಟೆಗಳು ಕಳೆದಂತೆ ಆ ಅವಕಾಶ ಕರಗುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯು, ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದಾದ ಮೋಸವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನದಲ್ಲ ಎಂದು ವಿಧಿಸಿತು. ಅವನ ಅಜಾಗರೂಕತೆಯೇ ಕಾರಣವಾದರೂ, ತಿಳಿಸಿದ ಬಳಿಕ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದಿತು. ಎಲ್ಲವೂ ನಿಂತಿರುವುದು ಎಷ್ಟು ಬೇಗ ಬಾಯಿ ಬಿಟ್ಟೆವು ಎಂಬುದರ ಮೇಲೆ. ಬೈಗುಳಕ್ಕೆ ಹೆದರಿ ಒಂಬತ್ತು ದಿನ ಮುಚ್ಚಿಟ್ಟರೆ ಕಳ್ಳನಿಗೆ ಒಂಬತ್ತು ದಿನದ ಬಿಡುವು ಕೊಟ್ಟಂತೆ. ಆ ಬಿಡುವನ್ನು ಕೊಟ್ಟವರು ಆ ತಾಯಿಯೋ, ಅವರನ್ನು ಹೆದರಿಸಿಟ್ಟ ಮನೆಯೋ?

2025ರ ಮಾರ್ಚಿನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಎಂಬತ್ತರ ಆಸುಪಾಸಿನ ದಂಪತಿ ಪ್ರಾಣ ಕಳೆದುಕೊಂಡರು. ನಿಮ್ಮ ಹೆಸರಿನಲ್ಲಿ ಯಾರೋ ಸಿಮ್ ಪಡೆದು ಅಪರಾಧ ನಡೆಸಿದ್ದಾರೆಂದು ಅಧಿಕಾರಿಗಳ ಸೋಗಿನಲ್ಲಿ ಕರೆ ಮಾಡಿದವರು ಅವರಿಂದ 50 ಲಕ್ಷಕ್ಕೂ ಹೆಚ್ಚು ಹಣ ಕಿತ್ತುಕೊಂಡಿದ್ದರು. ಆ ಹಿರಿಯರ ಮನಸ್ಸಿನಲ್ಲಿ ಕೊನೆಗೆ ಏನಿತ್ತೆಂದು ಊಹಿಸುವ ಹಕ್ಕು ನನಗಿಲ್ಲ. ಆದರೆ ಕಳ್ಳರು ಬಳಸಿದ ಆಯುಧ ಯಾವುದೆಂದು ಗಮನಿಸಿರಿ. “ನನ್ನ ಫೋನನ್ನು ಯಾರೋ ದುರುಪಯೋಗ ಮಾಡಿದ್ದಾರೆ” ಎಂಬ, ನಿಮಗೂ ನನಗೂ ಇರುವ ಇದೇ ಭಯ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರಿನಲ್ಲಿ ಆಕಾಶವಾಣಿಯಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದ್ದರು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂದು ನೋಡಲು ಸಂಚಾರ್ ಸಾಥಿ ಎಂಬ ಸರ್ಕಾರಿ ತಾಣವೂ 2023ರಿಂದ ಇದೆ. ಇದನ್ನು ನಮ್ಮ ವೃದ್ಧರ ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟ ಮಕ್ಕಳು ಎಷ್ಟು ಮಂದಿ? ಕೊಲ್ಲಿಯಿಂದಲೋ ಬೆಂಗಳೂರಿನಿಂದಲೋ ಹೊಸ ಫೋನು ತಂದುಕೊಟ್ಟು, ಫೋಟೊ ತೆಗೆಸಿಕೊಂಡು ಹೋಗುವವರು ಬಹಳ.

ಆ ತಾಯಿಯ ದೂರನ್ನು ಹತ್ತನೆಯ ದಿನ 1930ಕ್ಕೆ ಕೊಟ್ಟೆವು. ಆ ವೇಳೆಗೆ ಹಣ ಸೇರಿದ್ದ ಖಾತೆ ಬರಿದಾಗಿತ್ತು. ಅವರೀಗ ಗುಂಡಿಯೊತ್ತುವ ಹಳೆಯ ಬಗೆಯ ಫೋನು ಹಿಡಿದಿದ್ದಾರೆ. ಗೃಹಲಕ್ಷ್ಮಿಯ ಸಂದೇಶ ಬಂದರೂ ತೆರೆದು ನೋಡದೆ, ನೇರವಾಗಿ ಬ್ಯಾಂಕಿಗೇ ನಡೆದುಹೋಗಿ ವಿಚಾರಿಸುತ್ತಾರೆ.

ಕಳೆದ ತಿಂಗಳು ಅವರ ಮಗ ನನ್ನ ಮನೆಗೆ ಬಂದಿದ್ದ. ಗೆಳೆಯನ ಸಂಖ್ಯೆಯಿಂದ ಬಂದ ಮದುವೆಯ ಆಮಂತ್ರಣವನ್ನು ಒತ್ತಿದ್ದನಂತೆ. ಫೋನನ್ನು ಮೇಜಿನ ಮೇಲಿಟ್ಟು, “ಅವ್ವಗ ಹೇಳಬ್ಯಾಡ್ರಿ” ಎಂದ.