ನಿನ್ನೂರು ಬಿಟ್ಟು ಬೇರೆ ಏನಾದರೂ ಓದು

ಈ ಸಲದ ಕತಲ್ ರಾತ್ರಿ ನಾನು ಮುದಗಲ್‌ನಲ್ಲಿದ್ದೆ. ಕೊರೊನಾದಿಂದ ಎರಡು ವರ್ಷ ಸಪ್ಪೆಯಾಗಿದ್ದ ಮೊಹರಂ 2022ರ ಈ ಆಗಸ್ಟಿನಲ್ಲಿ ಮತ್ತೆ ತುಂಬಿಕೊಂಡಿತ್ತು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು, ದೀಪಾವಳಿಗೂ ಊರ ಕಡೆ ಮುಖ ಹಾಕದವರು, ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರು. ಫಕೀರರಾದವರ ಕೊರಳಲ್ಲಿ ಕೆಂಪು ಲಾಡಿ, ಹೆಂಗಸರ ಕೈಯಲ್ಲಿ ಚೊಂಗೆಯ ಬುತ್ತಿ. ಅಲಾಯಿ ಕುಣಿಯಿಂದ ಸ್ವಲ್ಪ ಆಚೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಎತ್ತಿ ಹಿಡಿದು ನಿಂತಿದ್ದಳು. ಎಲ್ಲರ ಮೊಬೈಲೂ ದೇವರ ಕಡೆ ತಿರುಗಿದ್ದರೆ ಅವಳದು ಹಲಗೆಯವರ ಕಡೆ ಇತ್ತು.

‘ಸಂಜೀಲಿಂದ ನಿಂತಾರ ನೋಡ್ರಿ ಸರ. ಇವರ ಹೆಸರು ಯಾವ ಪುಸ್ತಕದಾಗೂ ಇಲ್ಲ’ ಅಂದಳು.

ಅವಳ ಅಪ್ಪನೂ ಹಲಗೆ ಬಾರಿಸುವವರೇ. ಮುದಗಲ್ ಸುತ್ತಿನ ಒಂದು ಹಳ್ಳಿ, ಒಂದು ಕೇರಿ, ಎರಡು ಕೋಣೆಯ ಮನೆ. ಅಲ್ಲಿಂದ ಬಂದು ಸಮಾಜಶಾಸ್ತ್ರದಲ್ಲಿ ಎಂಎ ಮಾಡಿದಳು. ಅವಳಿಗೊಂದು ಪ್ರಶ್ನೆ ಇದೆ. ನಮ್ಮ ಕಡೆಯ ಮೊಹರಂ ಭಾವೈಕ್ಯದ ಹಬ್ಬ ಅಂತ ಪ್ರತಿ ವರ್ಷ ಪತ್ರಿಕೆಗಳು ಬರೆಯುತ್ತವೆ, ಭಾಷಣಗಳಲ್ಲಿ ಹೇಳುತ್ತಾರೆ. ಸುಳ್ಳೇನಲ್ಲ. ಹಿಂದೂಗಳು ಹರಕೆ ಹೊರುತ್ತಾರೆ, ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಹಾಗಿದ್ದರೆ ಎರಡು ಧರ್ಮಗಳ ನಡುವೆ ಕರಗುವ ಗೋಡೆ ನಮ್ಮಪ್ಪನ ಹಲಗೆಯ ಮುಂದೆ ಬಂದು ಯಾಕೆ ಗಟ್ಟಿಯಾಗುತ್ತದೆ? ನಮ್ಮಪ್ಪ ನಿಲ್ಲುವ ಜಾಗವನ್ನು ಯಾರು, ಯಾವಾಗ ಗೊತ್ತುಮಾಡಿದರು? ಇದು ಅವಳ ಪ್ರಶ್ನೆ. ಇಪ್ಪತ್ತು ವರ್ಷದಿಂದ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಿರುವ ನನಗೆ ಒಮ್ಮೆಯೂ ಹೊಳೆಯದ ಪ್ರಶ್ನೆ.

ಈ ಪ್ರಶ್ನೆ ಇಟ್ಟುಕೊಂಡು ಪಿಎಚ್‌ಡಿ ಮಾಡಲು ಬ್ರಿಟನ್ನಿನ ವಿಶ್ವವಿದ್ಯಾಲಯವೊಂದು ಅವಳನ್ನು ಕರೆಯಿತು. ಫೀಸು ಕಟ್ಟುವ ಶಕ್ತಿ ಇಲ್ಲ. ಇದ್ದ ದಾರಿ ಒಂದೇ, ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. 1954–55ರಿಂದ ನಡೆದುಬಂದ ಯೋಜನೆ ಇದು. ಈಗ ವರ್ಷಕ್ಕೆ 125 ಜನರಿಗೆ. ಅದರಲ್ಲಿ 115 ಪರಿಶಿಷ್ಟ ಜಾತಿಯವರಿಗೆ, ಉಳಿದ ಹತ್ತು ಅಲೆಮಾರಿಗಳಿಗೆ, ಭೂಮಿಯಿಲ್ಲದ ಕೃಷಿ ಕಾರ್ಮಿಕರಿಗೆ, ಕಸುಬುದಾರರಿಗೆ. ಕುಟುಂಬದ ವರಮಾನ ಎಂಟು ಲಕ್ಷ ದಾಟಬಾರದು, ವಯಸ್ಸು 35 ಮೀರಬಾರದು. ಎಲ್ಲದಕ್ಕೂ ಅವಳು ಅರ್ಹಳೇ. ಆದರೆ ಇದೇ ಫೆಬ್ರುವರಿಯಲ್ಲಿ ಹೊರಬಿದ್ದ ಹೊಸ ಮಾರ್ಗಸೂಚಿಯಲ್ಲಿ ಒಂದು ಸಾಲು ಸೇರಿಕೊಂಡಿತ್ತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತದ ಸಮಾಜದ ಕುರಿತ ಸಂಶೋಧನೆ, ಕೋರ್ಸು ಯಾವುದಕ್ಕೂ ಈ ಹಣ ಸಿಗುವುದಿಲ್ಲ.

ಅವಳು ಆ ಸಾಲನ್ನು ಫೋನಿನಲ್ಲಿ ಎರಡು ಸಲ ಓದಿ ಹೇಳಿದಳು. ಆಮೇಲೆ, ‘ಅಂದ್ರ ನಾನು ಅಮೆಜಾನ್ ಕಾಡಿನ ಬಗ್ಗೆ ಓದಬಹುದೇನ್ರಿ?’ ಅಂತ ಕೇಳಿದಳು.

ಓದಬಹುದು. ಬ್ರೆಜಿಲ್ ಬಗ್ಗೆ ಓದಬಹುದು, ಬರ್ಲಿನ್ ಬಗ್ಗೆ ಓದಬಹುದು. ತಾನು ಹುಟ್ಟಿದ ಕೇರಿಯ ಬಗ್ಗೆ ಮಾತ್ರ ಓದುವಂತಿಲ್ಲ. ಸರ್ಕಾರ ಇದಕ್ಕೆ ಕೊಟ್ಟ ಕಾರಣ ಮೇಲ್ನೋಟಕ್ಕೆ ಸಮಂಜಸವಾಗಿಯೇ ಇದೆ. ಭಾರತದ ಬಗ್ಗೆ ಓದಲು ಭಾರತದಲ್ಲೇ ಒಳ್ಳೆಯ ವಿಶ್ವವಿದ್ಯಾಲಯಗಳಿವೆ, ಪರಿಣತರಿದ್ದಾರೆ, ಸಾಮಗ್ರಿ ಇದೆ. ಇರುವ ಅಲ್ಪ ಹಣವನ್ನು ಇಲ್ಲಿ ಸಿಗದ ವಿದ್ಯೆಗೆ ಕೊಡೋಣ. ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಮಾತು ಬಂತು. ‘ಅಲ್ರೀ, ಮುದಗಲ್ ಬಗ್ಗೆ ಓದಾಕ ಲಂಡನ್ನಿಗೆ ಯಾಕ ಹೋಗಬೇಕು? ಲಿಂಗಸುಗೂರು ಬಸ್ ಹತ್ತಿದ್ರ ಅರ್ಧ ತಾಸು’ ಎಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.

ಆ ನಗೆಗೆ ಉತ್ತರ ಮುದಗಲ್ ಪಕ್ಕದಲ್ಲೇ ಇದೆ. ಪಿಕ್ಲಿಹಾಳ ಅಂತ ಹಳ್ಳಿ. ಅದರ ಗುಡ್ಡದಲ್ಲಿ ರೇಮಂಡ್ ಆಲ್ಚಿನ್ ಎಂಬ ಇಂಗ್ಲೆಂಡಿನ ತರುಣ 1952ರಲ್ಲಿ ಉತ್ಖನನ ಮಾಡಿದರು. ರಾಯಚೂರು ಜಿಲ್ಲೆಯ ಪ್ರಾಚೀನ ಸಂಸ್ಕೃತಿಗಳ ಮೇಲೆ ಬರೆದು ಲಂಡನ್ ವಿಶ್ವವಿದ್ಯಾಲಯದಿಂದ 1954ರಲ್ಲಿ ಡಾಕ್ಟರೇಟ್ ಪಡೆದರು. ಪಿಕ್ಲಿಹಾಳದ ವರದಿ 1960ರಲ್ಲಿ ಅಚ್ಚಾಯಿತು, ಅವರು ಕೇಂಬ್ರಿಜ್‌ನಲ್ಲಿ ದೊಡ್ಡ ವಿದ್ವಾಂಸರಾದರು. ಒಳ್ಳೆಯದೇ ಆಯಿತು. ನಮ್ಮ ನೆಲದಲ್ಲಿ ಸಾವಿರಾರು ವರ್ಷದ ಹಿಂದೆ ದನ ಕಾಯುತ್ತಿದ್ದವರ ಕಥೆ ನಮಗೆ ಗೊತ್ತಾದದ್ದು ಅವರಂಥವರಿಂದ. ಗುಲ್ಬರ್ಗ ಜಿಲ್ಲೆಯ ಹಳ್ಳಿಯೊಂದಕ್ಕೆ ಗೋಪಾಲಪುರ ಅಂತ ಹೆಸರು ಕೊಟ್ಟು ಅಮೆರಿಕದ ಅಲನ್ ಬೀಲ್ಸ್ 1962ರಲ್ಲಿ ಪುಸ್ತಕ ಬರೆದರು. ಅದೇ ವರ್ಷ ಮಂಡ್ಯದ ಎರಡು ಹಳ್ಳಿಗಳ ಮೇಲೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ ಪುಸ್ತಕ ಬಂತು. ಇವರಲ್ಲಿ ಯಾರಿಗೂ ‘ನಿಮ್ಮ ದೇಶದಲ್ಲಿ ಹಳ್ಳಿ ಇಲ್ಲವೇ?’ ಅಂತ ನಾವು ಕೇಳಲಿಲ್ಲ, ಕೇಳಬಾರದು ಕೂಡ. ಲಂಡನ್ನಿನಿಂದ ಮುದಗಲ್‌ಗೆ ಬಂದು ಓದುವುದು ವಿದ್ವತ್ತು, ಮುದಗಲ್‌ನಿಂದ ಲಂಡನ್ನಿಗೆ ಹೋಗಿ ಮುದಗಲ್ ಬಗ್ಗೆ ಓದುವುದು ದುಂದುವೆಚ್ಚ. ಇದು ಯಾವ ಲೆಕ್ಕ?

ಲೆಕ್ಕದ ಮಾತು ಬಂದಿರುವುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪನ ದುಡ್ಡಿನಲ್ಲಿ ಹೋಗುವವರಿಗೆ ಈ ನಿಯಮ ತಾಗುವುದಿಲ್ಲ. ಬೆಂಗಳೂರಿನ ಒಳ್ಳೆಯ ಶಾಲೆಯಲ್ಲಿ ಕಲಿತು, ಸ್ವಂತ ಖರ್ಚಿನಲ್ಲೋ ಅಲ್ಲಿನವರ ಫೆಲೋಶಿಪ್ಪಿನಲ್ಲೋ ಹೋದ ಹುಡುಗ ನಾಳೆಯೇ ಮುದಗಲ್ ಮೊಹರಂ ಮೇಲೆ ಥೀಸಿಸ್ ಬರೆಯಬಹುದು. ಅವನು ಬಂದರೆ ನನ್ನ ವಿದ್ಯಾರ್ಥಿನಿಯೇ ಅವನಿಗೆ ಹಲಗೆಯವರನ್ನು ಪರಿಚಯಿಸಿ, ರಿವಾಯತ್ ಪದದ ಅರ್ಥ ಬಿಡಿಸಿ ಹೇಳಬೇಕಾಗುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಅವಳಿಗೊಂದು ಕೃತಜ್ಞತೆ ಸಿಕ್ಕೀತು. ನಿಯಮ ಮಾಡಿದವರು ಇದನ್ನು ಬಯಸಿದರೋ ಇಲ್ಲವೋ, ನಿಯಮ ಮಾಡುತ್ತಿರುವ ಕೆಲಸ ಇದೇ. ಊರಿನ ಬಗ್ಗೆ ಯಾರು ಬೇಕಾದರೂ ಬರೆಯಬಹುದು, ಸರ್ಕಾರದ ನೆರವಿಲ್ಲದೆ ಹೊರಗೆ ಕಾಲಿಡಲಾಗದ ಕೇರಿಯವರನ್ನು ಬಿಟ್ಟು.

ಇನ್ನು ‘ಪರಿಣತಿ ಇಲ್ಲೇ ಇದೆ’ ಎಂಬ ವಾದ. ಸಿಂಧನೂರಿನ ಭತ್ತಕ್ಕೆ ಕಾರಟಗಿಯ ಗಿರಣಿ ಸಾಕು ಅನ್ನುವ ಹಾಗೆ ಸಮಾಜಶಾಸ್ತ್ರ ನಡೆಯುವುದಿಲ್ಲ. ಈ ಮಾತಿಗೆ ಸಾಕ್ಷಿ ನಮ್ಮವರೇ ಆದ ಎಂ.ಎನ್. ಶ್ರೀನಿವಾಸ್. ಮೈಸೂರಿನಲ್ಲಿ ಹುಟ್ಟಿದ ಅವರು ಮುಂಬೈಯಲ್ಲಿ ಘುರ್ಯೆಯವರ ಬಳಿ ಕೊಡವರ ಮೇಲೆ ಪಿಎಚ್‌ಡಿ ಮುಗಿಸಿಯೇ 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಹೊಸ ವಿಷಯ ಹುಡುಕಲಿಲ್ಲ. ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ಸಲಹೆಯಂತೆ ಅದೇ ಕೊಡವರ ಸಾಮಗ್ರಿಯನ್ನು ಬೇರೆ ಕಣ್ಣಿನಿಂದ ನೋಡಿದರು. 1947ರಲ್ಲಿ ಡಿ.ಫಿಲ್ ಆಯಿತು, 1952ರಲ್ಲಿ ಪುಸ್ತಕ ಬಂತು. ನಮ್ಮ ಮಕ್ಕಳು ಇವತ್ತಿಗೂ ಐದು ಅಂಕಕ್ಕೆ ಬಾಯಿಪಾಠ ಮಾಡುವ ‘ಸಂಸ್ಕೃತೀಕರಣ’ ಆ ಪುಸ್ತಕದಿಂದ ಹರಡಿದ್ದು. ಮುಂಬೈಯಲ್ಲಿ ಪರಿಣತರಿರಲಿಲ್ಲವೇ? ಘುರ್ಯೆ ಅವರಿಗಿಂತ ಪರಿಣತರು ಬೇಕೇ? ಆದರೂ ಅದೇ ಕೊಡಗು ಆಕ್ಸ್‌ಫರ್ಡಿನ ಮೇಜಿನ ಮೇಲೆ ಬೇರೆಯಾಗಿ ಕಂಡಿತು. ದೂರ ನಿಂತಾಗ ಹತ್ತಿರದ್ದು ಕಾಣುವ ಬಗೆಯೇ ಬೇರೆ. ಶ್ರೀನಿವಾಸರಿಗೆ ದಕ್ಕಿದ ಆ ದೂರ ನನ್ನ ವಿದ್ಯಾರ್ಥಿನಿಗೆ ಬೇಡವೇ?

ಅವಳಿಗೆ ಇನ್ನೂ ಹೆಚ್ಚು ಬೇಕು. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ಕೂತರು. ಬರಹದಲ್ಲಿ ಅದಕ್ಕೆ ರಾಂಪುರ ಅಂತ ಹೆಸರು ಕೊಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದಾಗ ನೆನಪಿನಿಂದಲೇ ಆ ಊರನ್ನು ಬರೆದರು. 1976ರ ಆ ಪುಸ್ತಕ ನನಗೆ ಬಹಳ ಇಷ್ಟ. ಆದರೆ ಬ್ರಾಹ್ಮಣನಾಗಿ, ಊರ ಗೌಡರ ಆಸರೆಯಲ್ಲಿದ್ದ ತಾನು ಕಂಡದ್ದು ಮೇಲ್ಜಾತಿಯ ಕಣ್ಣಿನ ಊರು ಎಂಬುದನ್ನು ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ದೊಡ್ಡವರ ಪ್ರಾಮಾಣಿಕತೆ ಅದು. ಹಾಗಾದರೆ ಕೇರಿಯ ಕಡೆಯಿಂದ ಕಾಣುವ ರಾಂಪುರವನ್ನು ಯಾರು ಬರೆಯಬೇಕು?

ಒಮ್ಮೆ ತರಗತಿಯಲ್ಲಿ ಸಂಸ್ಕೃತೀಕರಣ ಪಾಠ ಮಾಡುತ್ತಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, ‘ಸರ, ನಮ್ಮ ಓಣಿಯಾಗ ಕೆಲವರು ಅಡಗು ಬಿಟ್ಟು, ಮಾಲೆ ಹಾಕ್ಕೊಂಡು ಹದಿನೈದು ವರ್ಷಾತು. ಹೋಟೆಲಿನಾಗ ಇನ್ನೂ ಹೊರಗ ನಿಂತs ಚಾ ಕುಡೀತಾರ. ಇದಕ್ಕೇನಂತಾರ್ರಿ?’ ಅಂತ ಕೇಳಿದ. ಅಸ್ಪೃಶ್ಯರ ಮಟ್ಟಿಗೆ ಸಂಸ್ಕೃತೀಕರಣದಿಂದ ಗೆರೆ ದಾಟಲಾಗುವುದಿಲ್ಲ ಎಂದು ಶ್ರೀನಿವಾಸರೇ ಬರೆದಿದ್ದಾರೆ. ನಮ್ಮ ಹುಡುಗರ ಕೈಯಲ್ಲಿದ್ದ ಗೈಡಿನಲ್ಲಿ ಆ ಮಾತು ಇರಲಿಲ್ಲ. ನಾನು ‘ಪರೀಕ್ಷೆಗೆ ಬರೋದಿಲ್ಲ, ಕೂಡು’ ಅಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಪರಿಣತಿ ಇಲ್ಲೇ ಇದೆ ಎನ್ನುವವರು ನನ್ನಂಥವರ ಪರಿಣತಿಯನ್ನು ಒಮ್ಮೆ ಬಂದು ನೋಡಲಿ. ಇಲ್ಲೇ ಪಿಎಚ್‌ಡಿ ಮಾಡಲು ಅವಳು ಹೋದಾಗ ಮಾರ್ಗದರ್ಶಕರೊಬ್ಬರು ಕೇಳಿದ ಮೊದಲ ಪ್ರಶ್ನೆ ವಿಷಯದ ಬಗ್ಗೆ ಇರಲಿಲ್ಲ, ‘ನಿಮ್ಮವರು ಯಾರು?’ ಎಂದಿತ್ತು. ಎಲ್ಲರೂ ಹಾಗೆ ಅಂತ ನಾನು ಹೇಳುತ್ತಿಲ್ಲ. ಅಂಥವರ ಕೈಗೆ ಸಿಕ್ಕಿಕೊಂಡ ಹುಡುಗಿಗೆ ಹೊರಗೆ ಹೋಗಲು ಒಂದು ಬಾಗಿಲು ಇರಲಿ ಎನ್ನುತ್ತಿದ್ದೇನೆ.

ಆ ಬಾಗಿಲಿನಿಂದ ಒಬ್ಬರು ಹೋಗಿಬಂದದ್ದರ ಫಲವನ್ನು ಈ ದೇಶ ಉಣ್ಣುತ್ತಿದೆ. 1913ರಲ್ಲಿ ಬರೋಡಾ ಸಂಸ್ಥಾನ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಂಬೇಡ್ಕರರನ್ನು ಕೊಲಂಬಿಯಾಕ್ಕೆ ಕಳಿಸಿತು. ಅಲ್ಲಿ ಅವರು ಏನು ಓದಿದರು? ಪ್ರಾಚೀನ ಭಾರತದ ವಾಣಿಜ್ಯ, ಭಾರತದ ಹಣಕಾಸು. 1916ರ ಮೇ 9ರಂದು, ಆಗಷ್ಟೇ ಇಪ್ಪತ್ತೈದು ತುಂಬಿದ್ದ ಅವರು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದರು. ಜಾತಿಯ ಬಗ್ಗೆ ಅವರ ಮುಂದಿನ ಚಿಂತನೆಯ ಬೇರು ಅಲ್ಲಿದೆ. 2022ರ ಈ ಸಾಲು ಅಂದಿನ ಬರೋಡಾದಲ್ಲಿ ಇದ್ದಿದ್ದರೆ ಆ ವಿಷಯಗಳಲ್ಲಿ ಒಂದಕ್ಕೂ ಕಾಸು ಹುಟ್ಟುತ್ತಿರಲಿಲ್ಲ. ಕಚೇರಿ ಕಚೇರಿಯಲ್ಲಿ ಅವರ ಫೋಟೊ ಹಾಕುವ ಸರ್ಕಾರಕ್ಕೆ ಇದು ಹೊಳೆಯಲಿಲ್ಲವೇ?

ಹೊರದೇಶವೇನೂ ಸ್ವರ್ಗವಲ್ಲ. ನಮ್ಮವರು ಎಲ್ಲಿಗೆ ಹೋದರೂ ಜಾತಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ಹೋಗುತ್ತಾರೆ. ಇದೇ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯ ತನ್ನ ತಾರತಮ್ಯ ತಡೆಯುವ ನೀತಿಯಲ್ಲಿ ಜಾತಿಯ ಹೆಸರನ್ನೂ ಸೇರಿಸಬೇಕಾಯಿತು. ಅಲ್ಲಿ ಜನವರಿಯಲ್ಲಿ ಜಾತಿ ಪುಸ್ತಕಕ್ಕೆ ಬಂತು, ಇಲ್ಲಿ ಫೆಬ್ರುವರಿಯಲ್ಲಿ ಪುಸ್ತಕದಿಂದ ಹೊರಗೆ ಹೋಯಿತು.

ಹೋಗಿ ಬಂದ ನಮ್ಮವರ ಮೇಲೂ ನನಗೆ ಸಿಟ್ಟಿದೆ. ಧಾರವಾಡ ಸೀಮೆಯ ಕೆ. ಈಶ್ವರನ್ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1968ರಲ್ಲಿ ಅವರು ‘ಶಿವಪುರ’ ಎಂದು ಹೆಸರಿಟ್ಟು ಬರೆದ ಹಳ್ಳಿ ಕನ್ನಡದ್ದು, ಪುಸ್ತಕ ಇಂಗ್ಲಿಷಿನದು. ಆ ಕಾಲಕ್ಕೆ ಹಾಗೇ ನಡೆಯುತ್ತಿತ್ತು, ಸರಿ. ಈಗಲೂ ಹಾಗೇ ನಡೆಯಬೇಕೇ? ಕನ್ನಡದ ಹಳ್ಳಿಯಿಂದ ಮಾತು ಕಡ ತಂದು ಇಂಗ್ಲಿಷಿನಲ್ಲಿ ಜಮೆ ಮಾಡಿ, ಊರಿಗೆ ಬಡ್ಡಿಯನ್ನೂ ಕೊಡದೆ ಹೋಗುವುದು ಯಾವ ನ್ಯಾಯ? ಹೊರಗೆ ಹೋಗುವ ಪ್ರತಿ ವಿದ್ಯಾರ್ಥಿಗೂ ಥೀಸಿಸ್‌ನ ಎರಡು ಅಧ್ಯಾಯವನ್ನಾದರೂ ಕನ್ನಡದಲ್ಲಿ ಬರೆದುಕೊಡಬೇಕೆಂಬ ಕರಾರು ಹಾಕಲಿ. ಅಂಥ ಕರಾರಿಗೆ ನಾನು ಎರಡೂ ಕೈ ಎತ್ತುತ್ತೇನೆ. ವಿಷಯವನ್ನೇ ಕಸಿದುಕೊಳ್ಳುವುದು ಬೇರೆ ಮಾತು.

ನನ್ನದೂ ಒಂದು ತಪ್ಪು ಇದೆ. ಮಾರ್ಚ್ ಕೊನೆಗೆ ಅರ್ಜಿಯ ಗಡುವು. ‘ನಿನ್ನೂರು ಬಿಟ್ಟು ಬೇರೆ ಏನಾದರೂ ಓದು’ ಅಂತ ಅವಳಿಗೆ ಹೇಳಿದವನು ಯಾವ ಅಧಿಕಾರಿಯೂ ಅಲ್ಲ, ನಾನೇ. ಬ್ರಿಟನ್ನಿಗೆ ವಲಸೆ ಹೋದವರ ಬಗ್ಗೆಯೋ ವೃದ್ಧಾಶ್ರಮಗಳ ಬಗ್ಗೆಯೋ ಒಂದು ಪ್ರಸ್ತಾವ ಬರೆ, ದುಡ್ಡು ಬರಲಿ, ಆಮೇಲೆ ನೋಡೋಣ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅಲ್ಲಿ ಹೋಗಿ ಸುಳ್ಳು ಹೇಳಾಕ ಇಲ್ಲಿಂದನ ಶುರು ಮಾಡ್ಬೇಕೇನ್ರಿ ಸರ?’ ಅಂದಳು. ಅರ್ಜಿ ಹಾಕಲಿಲ್ಲ. ವಿಶ್ವವಿದ್ಯಾಲಯ ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿಕೊಟ್ಟಿದೆ. ಈಗ ಪಕ್ಕದ ತಾಲ್ಲೂಕಿನ ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದಾಳೆ.

ಕತಲ್ ರಾತ್ರಿ ಕಳೆದು ಬೆಳಗಿನ ಜಾವ ಬೆಂಕಿ ಆರುತ್ತಿದ್ದಾಗ ಅವಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದಳು. ಕನ್ನಡದಲ್ಲಿ, ಸಾಲಾಗಿ, ಹಲಗೆಯವರ ಹೆಸರು, ಅವರ ಅಪ್ಪಂದಿರ ಹೆಸರು, ಎಷ್ಟು ವರ್ಷದಿಂದ ಬಾರಿಸುತ್ತಿದ್ದಾರೆ, ಎಲ್ಲಿ ನಿಲ್ಲುತ್ತಾರೆ, ಏನು ಕೊಡುತ್ತಾರೆ. ಹನ್ನೊಂದು ಹೆಸರು. ಆರನೆಯದು ಅವಳಪ್ಪನದು.

ಅವಳಿಗೆ ಈಗ ಇಪ್ಪತ್ತೇಳು. ಬರುವ ವರ್ಷ ಅರ್ಜಿ ಹಾಕುತ್ತಾಳಂತೆ, ವಿಷಯದ ಎದುರಿಗೆ ಮುದಗಲ್ ಎಂದೇ ಬರೆಯುತ್ತಾಳಂತೆ. ತಿರಸ್ಕರಿಸುವುದಾದರೆ ಸಹಿ ಹಾಕಿ ತಿರಸ್ಕರಿಸಲಿ ಅಂದಳು. ನಾನು ಈ ಸಲ ಬೇಡ ಅನ್ನಲಿಲ್ಲ.