ಬಾಕಿ ಕೇಳಿದವಳು ಕಲ್ಲೆದೆಯವಳೇ?

ನೇಯೊಮಿ ನೋವಿಕ್ ಅವರ ‘ಸ್ಪಿನ್ನಿಂಗ್ ಸಿಲ್ವರ್’ (2018) ಓದಿದ ಕೆಲವು ಗೆಳೆಯರು ನಾಯಕಿ ಮಿರ್ಯೆಮ್ ದುಡ್ಡಿನಾಸೆಯವಳು, ಕಲ್ಲೆದೆಯವಳು ಎನ್ನುತ್ತಾರೆ. ನನ್ನ ತಕರಾರು ಇಲ್ಲೇ. ಅವಳು ಯಹೂದಿ ಲೇವಾದೇವಿಗಾರನ ಮಗಳು. ಅಪ್ಪ ಮೆದು ಮನಸ್ಸಿನವನು. ಸಾಲ ಪಡೆದ ಊರವರು ತೀರಿಸುವುದಿಲ್ಲ. ಮನೆಯಲ್ಲಿ ಚಳಿ, ಹಸಿವು, ಕಾಯಿಲೆ ಬಿದ್ದ ತಾಯಿ. ಮಗಳು ವಸೂಲಿಗೆ ಹೊರಟರೆ ತಪ್ಪೇನು?

ಈ ಕಾದಂಬರಿಯ ಬೇರು ಗ್ರಿಮ್ ಸಹೋದರರ ‘ರಂಪೆಲ್‌ಸ್ಟಿಲ್ಟ್‌ಸ್ಕಿನ್’ ಕಥೆಯಲ್ಲಿದೆ. ಅಲ್ಲಿ ರಾಜ, ಒಣಹುಲ್ಲನ್ನು ಚಿನ್ನವಾಗಿ ನೂಲದಿದ್ದರೆ ಕೊಲ್ಲುತ್ತೇನೆಂದು ಗಿರಣಿಯವನ ಮಗಳನ್ನು ಹೆದರಿಸುತ್ತಾನೆ; ಚಿನ್ನ ಸಿಕ್ಕ ಮೇಲೆ ಮದುವೆಯಾಗುತ್ತಾನೆ. ಅವನನ್ನು ದುರಾಸೆಯವನೆಂದು ನಾವು ಎಂದಾದರೂ ಜರೆದೆವೆ? ಮಕ್ಕಳಿಗೆ ಸುಖಾಂತ್ಯವೆಂದೇ ಹೇಳಿದೆವು. ತನ್ನ ಮನೆಯ ಹಣ ಕೇಳಿದವಳು ಮಾತ್ರ ಕಲ್ಲೆದೆಯವಳು!

ಯಹೂದಿಯೆಂದರೆ ದುಡ್ಡುಬಾಕ ಎಂಬ ಹಳೆಯ ಹಗೆಗೆ ಎದುರು ನಿಂತ ಪುಸ್ತಕವಿದು. ಅದನ್ನು ಅದೇ ಹಗೆಯ ತಕ್ಕಡಿಯಲ್ಲಿ ತೂಗುವುದನ್ನು ನಾನು ಓದು ಎನ್ನಲಾರೆ.